ಮತ್ತೆ ಮತ್ತೆ ಕೇಳುವ ಪ್ರಶ್ನೆಗಳ ಬೆನ್ನು ಹತ್ತಿ



ಇವತ್ತು ಮಂಗಳವಾರ ಎಂದಿಟ್ಟುಕೊಂಡರೆ ಹತ್ತು ದಿನದ ಹಿಂದೆ ಯಾವ ವಾರ? ಬೆರಳು ಮಡಚಿ ಎಣಿಸಿದರೆ ಶನಿವಾರ ಎಂಬ ಉತ್ತರ ಯಾರಿಗಾದರೂ ಸಿಗುತ್ತದೆ. ಇದನ್ನೇ ಪ್ರೋಗ್ರಾಮ್ ಬರೆದು ಕೇಳೋಣ. ಭಾನುವಾರಕ್ಕೆ 0, ಸೋಮವಾರಕ್ಕೆ 1, ಮಂಗಳವಾರಕ್ಕೆ 2, ಹೀಗೆ ಶನಿವಾರಕ್ಕೆ 6. ಎರಡರಲ್ಲಿ ಹತ್ತು ಕಳೆದರೆ ಮೈನಸ್ ಎಂಟು. ಅದನ್ನು ಏಳರಿಂದ ಭಾಗಿಸಿ ಶೇಷ ತೆಗೆದರೆ ವಾರದ ಸಂಖ್ಯೆ ಬರಬೇಕು. ಪೈಥಾನ್ 6 ಎನ್ನುತ್ತದೆ, ಶನಿವಾರ ಸಿಕ್ಕಿತು. ರೂಬಿಯೂ ಅದನ್ನೇ ಹೇಳುತ್ತದೆ. ಅದೇ ಸಾಲನ್ನು ಜಾವಾದಲ್ಲಿ ಬರೆದರೆ ಬರುವುದು ಮೈನಸ್ 1. ವಾರಗಳ ಹೆಸರಿರುವ ಅರೇಯಲ್ಲಿ ಮೈನಸ್ ಒಂದನೆಯ ಮನೆ ಎಂಬುದೇ ಇಲ್ಲವಾದ್ದರಿಂದ ಪ್ರೋಗ್ರಾಮ್ ಎರರ್ ಕೊಟ್ಟು ನಿಲ್ಲುತ್ತದೆ. ಜಾವಾಸ್ಕ್ರಿಪ್ಟ್ ನಿಲ್ಲುವುದಿಲ್ಲ, ‘ಅನ್‌ಡಿಫೈನ್ಡ್’ ಎಂದು ತೋರಿಸಿ ಮುಂದೆ ಹೋಗುತ್ತದೆ. ಸಿ ಭಾಷೆಯಂತೂ ಅರೇಗಿಂತ ಹಿಂದಿನ ಮೆಮೊರಿಯಲ್ಲಿ ಏನಿದೆಯೋ ಅದನ್ನು ಓದಲು ಹೊರಡುತ್ತದೆ. ಅಲ್ಲಿಂದಾಚೆ ಏನಾದರೂ ಆಗಬಹುದು.

ಪ್ರಶ್ನೆ ಒಂದೇ, ಬರೆದ ಸಾಲೂ ಹೆಚ್ಚುಕಡಿಮೆ ಒಂದೇ. ಇದರಲ್ಲಿ ಯಾವ ಭಾಷೆ ತಪ್ಪಿದೆ? ಯಾವುದೂ ತಪ್ಪಿಲ್ಲ. ಭಾಜ್ಯವು ಭಾಜಕವನ್ನು ಭಾಗಲಬ್ಧದಿಂದ ಗುಣಿಸಿ ಶೇಷ ಕೂಡಿಸಿದಷ್ಟಿರಬೇಕು ಎಂಬ ಗಣಿತದ ನಿಯಮವನ್ನು ಎರಡು ಉತ್ತರಗಳೂ ಪಾಲಿಸುತ್ತವೆ. ಪೈಥಾನ್ ಭಾಗಲಬ್ಧವನ್ನು ಕೆಳಮುಖವಾಗಿ ಪೂರ್ಣಗೊಳಿಸಿ ಮೈನಸ್ 2 ಮಾಡುತ್ತದೆ, ಆಗ ಶೇಷ 6. ಜಾವಾ ಸೊನ್ನೆಯ ಕಡೆಗೆ ಕತ್ತರಿಸಿ ಮೈನಸ್ 1 ಮಾಡುತ್ತದೆ, ಆಗ ಶೇಷ ಮೈನಸ್ 1. ಸಿ ಭಾಷೆಯ 1989ರ ಮಾನಕ ಈ ಆಯ್ಕೆಯನ್ನು ಕಂಪೈಲರ್ ಬರೆದವರಿಗೇ ಬಿಟ್ಟುಕೊಟ್ಟಿತ್ತು. ಸೊನ್ನೆಯ ಕಡೆಗೇ ಕತ್ತರಿಸಬೇಕು ಎಂದು ಕಟ್ಟುಮಾಡಿದ್ದು 1999ರ ಮಾನಕ. ಜಾವಾದ ಎಂಟನೆಯ ಆವೃತ್ತಿಯಲ್ಲಿ ‘ಫ್ಲೋರ್‌ಮಾಡ್’ ಎಂಬ ಫಂಕ್ಷನ್ ಸೇರಿದ್ದೂ ಈ ತೊಡಕಿಗಾಗಿಯೇ.

ಈ ಸಂಕಿರಣದ ಆಶಯ ಇಲ್ಲೇ ಹುಟ್ಟುತ್ತದೆ. ಹೊಸದಾಗಿ ಕೋಡ್ ಬರೆಯುವವರು ಭಾಷೆ ಯಾವುದೇ ಇರಲಿ, ಬೆರಳೆಣಿಕೆಯಷ್ಟು ಪ್ರಶ್ನೆಗಳನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಲ್ಯಾಬಿನಲ್ಲಿ ಅವಕ್ಕೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದು ಸಾಲಿನದು: ‘ಹೀಗೆ ಬರೆ, ಸರಿಹೋಗುತ್ತದೆ.’ ಸರಿಯೇನೋ ಹೋಗುತ್ತದೆ, ಆದರೆ ಕಾರಣ ತಿಳಿಯುವುದಿಲ್ಲ. ಅದೇ ತೊಡಕು ಇನ್ನೊಂದು ಭಾಷೆಯಲ್ಲಿ ಬೇರೆ ವೇಷದಲ್ಲಿ ಎದುರಾದಾಗ ಆ ವಿದ್ಯಾರ್ಥಿ ಮತ್ತೆ ಮೊದಲಿನಿಂದ ಶುರುಮಾಡಬೇಕು. ಈ ಪ್ರಶ್ನೆಗಳನ್ನು ಆರಂಭಿಕರ ಅಜ್ಞಾನ ಎಂದು ಬದಿಗೆ ಸರಿಸುವ ರೂಢಿ ನಿಲ್ಲಬೇಕು. ಯಂತ್ರ ಲೆಕ್ಕವನ್ನು ಹೇಗೆ ಹಿಡಿದಿಡುತ್ತದೆ, ಭಾಷೆ ಕಟ್ಟಿದವರು ಎಲ್ಲಿ ಯಾವ ತೀರ್ಮಾನ ಮಾಡಿದರು ಎಂಬ ಪಾಠದ ತಿರುಳು ಇರುವುದು ಇವುಗಳೊಳಗೇ.

ಇಂಥ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದು ದಶಮಾಂಶದ್ದು. 0.1ಕ್ಕೆ 0.2 ಕೂಡಿಸಿದರೆ 0.3 ಯಾಕೆ ಬರುವುದಿಲ್ಲ? ಪೈಥಾನ್ ಮತ್ತು ಜಾವಾಸ್ಕ್ರಿಪ್ಟ್ ಎರಡೂ 0.30000000000000004 ಎಂದು ತೋರಿಸುತ್ತವೆ. ಸಿ ಭಾಷೆಯಲ್ಲಿ ಸಾಮಾನ್ಯ ರೀತಿಯಲ್ಲಿ ಪ್ರಿಂಟ್ ಮಾಡಿದರೆ 0.300000 ಬರುತ್ತದೆ. ಅದನ್ನು ನೋಡಿದ ವಿದ್ಯಾರ್ಥಿ ಸಿ ಸರಿಯಿದೆ, ಪೈಥಾನ್ ತಪ್ಪಿದೆ ಎಂದು ತೀರ್ಮಾನಿಸಿಬಿಡುತ್ತಾನೆ. ಒಳಗಿರುವ ಸಂಖ್ಯೆ ಎರಡರಲ್ಲೂ ಒಂದೇ. ಸಿ ಆರು ಸ್ಥಾನಕ್ಕೆ ಸುತ್ತಿ ತೋರಿಸುತ್ತಿದೆ, ಅಷ್ಟೆ. ಒಂದನ್ನು ಮೂರರಿಂದ ಭಾಗಿಸಿ ದಶಮಾನದಲ್ಲಿ ಬರೆಯಹೊರಟರೆ 0.333 ಎಂದು ಸಾಲು ಮುಗಿಯದೆ ಬೆಳೆಯುತ್ತದೆ. ಹತ್ತನೆಯ ಒಂದು ಭಾಗವನ್ನು ದ್ವಿಮಾನದಲ್ಲಿ ಬರೆಯಹೊರಟರೆ ಆಗುವುದೂ ಅದೇ. ಇರುವಷ್ಟು ಬಿಟ್‌ಗಳಲ್ಲಿ ಕತ್ತರಿಸಿ ಇಡಬೇಕು, ಕತ್ತರಿಸಿದ ಚೂರು ಕೂಡುವಾಗ ಹೊರಗೆ ಕಾಣುತ್ತದೆ. ಹೀಗೆ ಸಂಖ್ಯೆ ಇಡುವ ಕ್ರಮವನ್ನು 1985ರಲ್ಲಿ ಐಇಇಇ 754 ಎಂಬ ಮಾನಕ ನಿಗದಿಮಾಡಿತು. ಅದರ ಮುಖ್ಯ ಶಿಲ್ಪಿ ವಿಲಿಯಂ ಕಹಾನ್ ಅವರಿಗೆ 1989ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಭಾಷೆಗಳು ಬೇರೆಬೇರೆಯಾದರೂ ಈ ಉತ್ತರ ಒಂದೇ ಆಗಿರುವುದಕ್ಕೆ ಎಲ್ಲವೂ ಅದೇ ಮಾನಕವನ್ನು ನಂಬಿರುವುದು ಕಾರಣ.

ಹದಿನೇಳನೆಯ ದಶಮಾಂಶ ಸ್ಥಾನದ ತಪ್ಪು ಯಾರಿಗೆ ಬೇಕು ಎಂದು ಕೇಳುವವರಿಗೆ ದಹ್ರಾನ್‌ನ ಘಟನೆಯನ್ನು ಹೇಳಬೇಕು. 1991ರ ಫೆಬ್ರುವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿದ್ದ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ತನ್ನತ್ತ ಬರುತ್ತಿದ್ದ ಇರಾಕಿನ ಸ್ಕಡ್ ಕ್ಷಿಪಣಿಯನ್ನು ಹಿಡಿಯಲಿಲ್ಲ. ಸೈನಿಕರ ವಸತಿಯ ಮೇಲೆ ಅದು ಬಿದ್ದು 28 ಮಂದಿ ಸತ್ತರು. ಆ ವ್ಯವಸ್ಥೆಯ ಗಡಿಯಾರ ಕಾಲವನ್ನು ಸೆಕೆಂಡಿನ ಹತ್ತನೆಯ ಭಾಗಗಳಲ್ಲಿ ಎಣಿಸುತ್ತಿತ್ತು. ಅದನ್ನು ಸೆಕೆಂಡಿಗೆ ತಿರುಗಿಸಲು ಹತ್ತನೆಯ ಒಂದು ಎಂಬ ಸಂಖ್ಯೆಯನ್ನು 24 ಬಿಟ್‌ಗಳಲ್ಲಿ ಕತ್ತರಿಸಿ ಇಡಲಾಗಿತ್ತು. ಪ್ರತಿ ಎಣಿಕೆಗೂ ತಪ್ಪು ಸೆಕೆಂಡಿನ ಕೋಟಿಯಲ್ಲೊಂದು ಪಾಲಿನಷ್ಟೇ. ಆದರೆ ಯಂತ್ರವನ್ನು ಆರಿಸದೆ ಸುಮಾರು 100 ಗಂಟೆ ಓಡಿಸಲಾಗಿತ್ತು. ಚೂರುಗಳು ಕೂಡಿ 0.34 ಸೆಕೆಂಡ್ ಆದವು, ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ. ತಿದ್ದಿದ ಸಾಫ್ಟ್‌ವೇರ್ ದಹ್ರಾನ್ ತಲುಪಿದ್ದು ಮರುದಿನ.

ಹಣದ ಲೆಕ್ಕ ಬರೆಯುವವರು ರೂಪಾಯಿಯನ್ನು ದಶಮಾಂಶದಲ್ಲಿಡದೆ ಪೈಸೆಯ ಪೂರ್ಣಾಂಕವಾಗಿ ಇಡಬೇಕು, ಇಲ್ಲವೇ ಪೈಥಾನಿನ ‘ಡೆಸಿಮಲ್’, ಜಾವಾದ ‘ಬಿಗ್‌ಡೆಸಿಮಲ್’ ಬಳಸಬೇಕು ಎಂದು ಹೇಳಿಕೊಡುವುದು ರೂಢಿ. ಇಲ್ಲೂ ಕಾರಣ ಹೇಳದೆ ಸಾಲು ಮಾತ್ರ ಕೊಟ್ಟರೆ ಕೈಕೊಡುತ್ತದೆ. ಬಿಗ್‌ಡೆಸಿಮಲ್‌ಗೆ 0.1ನ್ನು ನೇರ ಸಂಖ್ಯೆಯಾಗಿ ಕೊಟ್ಟರೆ ಅದಾಗಲೇ ಕೆಟ್ಟುಹೋದ ಸಂಖ್ಯೆಯನ್ನೇ ಅದು ಅಚ್ಚುಕಟ್ಟಾಗಿ ಕಾಪಾಡುತ್ತದೆ. ಉದ್ಧರಣ ಚಿಹ್ನೆಯೊಳಗೆ ಸ್ಟ್ರಿಂಗ್ ಆಗಿ ಕೊಡಬೇಕು. ಕಾರಣ ತಿಳಿದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ.

ಪೂರ್ಣಾಂಕವಾದರೂ ನಂಬಿಕೆಗೆ ಅರ್ಹವೇ ಎಂದರೆ, ಅದಕ್ಕೂ ಒಂದು ಮೇರೆ ಇದೆ. ಬೈನರಿ ಸರ್ಚ್ ಪ್ರತಿ ಕಾಲೇಜಿನಲ್ಲೂ ಕಲಿಸುವ ಪ್ರೋಗ್ರಾಮ್. ಕೆಳಗಿನ ಮಿತಿಗೆ ಮೇಲಿನ ಮಿತಿ ಕೂಡಿಸಿ ಎರಡರಿಂದ ಭಾಗಿಸಿದರೆ ನಡು ಸಿಗುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ಜಾವಾದ ಲೈಬ್ರರಿಯಲ್ಲೂ ಹಾಗೇ ಇತ್ತು, ಜಾನ್ ಬೆಂಟ್ಲಿ ಅವರ ‘ಪ್ರೋಗ್ರಾಮಿಂಗ್ ಪರ್ಲ್ಸ್’ ಪುಸ್ತಕದಲ್ಲೂ ಹಾಗೇ ಇತ್ತು. ಅರೇಯಲ್ಲಿ 107 ಕೋಟಿಗೂ ಹೆಚ್ಚು ಅಂಶಗಳಿದ್ದರೆ ಆ ಕೂಡಿಕೆ 2147483647 ಎಂಬ ಮಿತಿಯನ್ನು ದಾಟಿ ಋಣ ಸಂಖ್ಯೆಯಾಗಿಬಿಡುತ್ತದೆ. ಸುಮಾರು ಒಂಬತ್ತು ವರ್ಷ ಯಾರ ಕಣ್ಣಿಗೂ ಬೀಳದ ಈ ದೋಷವನ್ನು ಆ ಲೈಬ್ರರಿಯ ಕೋಡ್ ಬರೆದಿದ್ದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಬಹಿರಂಗವಾಗಿ ವಿವರಿಸಿದರು. ಪೈಥಾನಿನಲ್ಲಿ ಪೂರ್ಣಾಂಕ ಬೇಕಾದಷ್ಟು ಬೆಳೆಯುವುದರಿಂದ ಅಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಜಾವಾಸ್ಕ್ರಿಪ್ಟಿನ ಮಾಮೂಲಿ ಸಂಖ್ಯೆಯಾದರೆ 9007199254740991 ದಾಟಿದ ಮೇಲೆ ಬಿಡಿ ಅಂಕಿಗಳ ಲೆಕ್ಕ ತಪ್ಪುತ್ತದೆ.

ಇನ್ನೊಂದು ಗುಂಪಿನ ಪ್ರಶ್ನೆಗಳು ಸಮಾನತೆಯವು. ಜಾವಾ ಕಲಿಯುವವರು ಎರಡು ಸ್ಟ್ರಿಂಗ್‌ಗಳನ್ನು == ಹಾಕಿ ಹೋಲಿಸುತ್ತಾರೆ. ಕೋಡಿನಲ್ಲೇ ಬರೆದ ಎರಡು ‘ಹೌದು’ಗಳು ಸಮ ಎನಿಸಿಕೊಳ್ಳುತ್ತವೆ. ಬಳಕೆದಾರ ಕೀಬೋರ್ಡಿನಿಂದ ‘ಹೌದು’ ಎಂದು ಒತ್ತಿದರೆ ಅಲ್ಲ ಎನ್ನುತ್ತದೆ. == ಕೇಳುವುದು ‘ಇವೆರಡೂ ಮೆಮೊರಿಯಲ್ಲಿ ಒಂದೇ ವಸ್ತುವೇ’ ಎಂದು, ‘ಒಂದೇ ಬರಹವೇ’ ಎಂದು ಕೇಳುವುದು ‘ಈಕ್ವಲ್ಸ್’. ಇದಕ್ಕಿಂತ ಹೆಚ್ಚು ದಿಗಿಲು ಹುಟ್ಟಿಸುವುದು ಇಂಟಿಜರ್ ವಸ್ತುಗಳ ಹೋಲಿಕೆ: 127 ಮತ್ತು 127 ಸಮ, 128 ಮತ್ತು 128 ಸಮವಲ್ಲ! ಮೈನಸ್ 128ರಿಂದ 127ರವರೆಗಿನ ಸಂಖ್ಯೆಗಳನ್ನು ಜಾವಾ ಮೊದಲೇ ಮಾಡಿಟ್ಟುಕೊಂಡು ಹಂಚುತ್ತದೆ. ಪೈಥಾನಿನ ಪ್ರಚಲಿತ ರೂಪವೂ ಮೈನಸ್ 5ರಿಂದ 256ರವರೆಗೆ ಹಾಗೇ ಮಾಡುತ್ತದೆ. ಅಲ್ಲಿ ‘ಇಸ್’ ಬಳಸಿ ಸಂಖ್ಯೆ ಹೋಲಿಸಿದವರು ಬೀಳುವುದು ಇದೇ ಹಳ್ಳಕ್ಕೆ. ಸಣ್ಣ ಸಂಖ್ಯೆ ಇಟ್ಟು ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿ ಕಾಣುತ್ತದೆ ಎಂಬುದೇ ಇದರ ಅಪಾಯ.

ಇಲ್ಲಿಗೆ ಬಂದ ಮೇಲೆ ಕನ್ನಡದ ಮಾತನ್ನು ಎತ್ತಲೇಬೇಕು, ಯಾಕೆಂದರೆ ಪಠ್ಯಪುಸ್ತಕಗಳ ಸ್ಟ್ರಿಂಗ್ ಪಾಠಗಳು ಇಂಗ್ಲಿಷ್ ಪದಗಳನ್ನಿಟ್ಟೇ ನಡೆಯುತ್ತವೆ. ‘ಪ್ಯಾಲಿಂಡ್ರೋಮ್’ ಲ್ಯಾಬಿನ ಹಳೆಯ ಪ್ರೋಗ್ರಾಮ್: ಪದವನ್ನು ತಿರುಗಿಸು, ಮೊದಲಿನಂತೆಯೇ ಇದೆಯೇ ನೋಡು. ಅದಕ್ಕೆ ‘ಕನಕ’ ಕೊಟ್ಟರೆ ಹೌದು ಎನ್ನುತ್ತದೆ. ‘ವಿಕಟಕವಿ’ ಕೊಟ್ಟರೆ ಅಲ್ಲ ಎನ್ನುತ್ತದೆ. ತೆನಾಲಿ ರಾಮನ ಕಥೆ ಕೇಳಿದ ಯಾವ ಮಗುವೂ ಒಪ್ಪದ ಉತ್ತರ ಇದು! ಆಗಿದ್ದೇನೆಂದರೆ, ಕಂಪ್ಯೂಟರಿನಲ್ಲಿ ‘ವಿ’ ಒಂದು ಅಕ್ಷರವಲ್ಲ, ‘ವ’ ಮತ್ತು ಗುಡಿಸು ಎಂಬ ಎರಡು ಸಂಕೇತ. ತಿರುಗಿಸಿದಾಗ ಕೊನೆಯ ಗುಡಿಸು ಒಂಟಿಯಾಗಿ ಎಲ್ಲಕ್ಕಿಂತ ಮುಂದೆ ಬಂದು ನಿಲ್ಲುತ್ತದೆ, ಮೊದಲಿನ ‘ವಿ’ಯ ಗುಡಿಸು ಪಕ್ಕದ ‘ಕ’ಕ್ಕೆ ಅಂಟಿ ‘ಕಿ’ ಆಗುತ್ತದೆ. ಅದೇ ಪ್ರೋಗ್ರಾಮ್ ‘ಕನ್ನಡ’ ಎಂಬ ಪದವನ್ನು ಮಾತ್ರ ಸರಿಯಾಗಿ ‘ಡನ್ನಕ’ ಎಂದು ತಿರುಗಿಸುತ್ತದೆ. ನಡುವಿನ ‘ನ್ನ’ ಯಾವ ಕಡೆಯಿಂದ ಓದಿದರೂ ನಕಾರ, ಹಲಂತ, ನಕಾರ. ಈ ಒಂದೇ ಪದ ಇಟ್ಟು ಪರೀಕ್ಷಿಸಿದವರು ತಮ್ಮ ಕೋಡ್ ಕನ್ನಡಕ್ಕೆ ಸಿದ್ಧ ಎಂದು ನಂಬಿಬಿಡುತ್ತಾರೆ.

ಹಾಗಾದರೆ ಆ ಪದದ ಉದ್ದ ಎಷ್ಟು? ಓದುವವರಿಗೆ ಮೂರು. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಐದು ಎನ್ನುತ್ತವೆ, ಅವು ಹಲಂತವನ್ನೂ ಸೇರಿಸಿ ಸಂಕೇತಗಳನ್ನು ಎಣಿಸುತ್ತವೆ. ಗೋ ಮತ್ತು ರಸ್ಟ್ ಹದಿನೈದು ಎನ್ನುತ್ತವೆ, ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಓದುಗನ ಕಣ್ಣಿಗೆ ಒಂದಾಗಿ ಕಾಣುವುದನ್ನು ಒಂದೆಂದೇ ಎಣಿಸಲು ಯೂನಿಕೋಡ್ ಬೇರೆಯೇ ನಿಯಮ ಮಾಡಿದೆ. ಅದರ ಹಳೆಯ ರೂಪದ ಪ್ರಕಾರ ಉತ್ತರ ನಾಲ್ಕು: ಹಲಂತ ಹಿಂದಿನ ನಕಾರಕ್ಕೆ ಸೇರುತ್ತದೆ, ಮುಂದಿನ ನಕಾರ ಹೊಸ ಗುಂಪಾಗುತ್ತದೆ. 2023ರಲ್ಲಿ ಬಂದ ಯೂನಿಕೋಡ್ 15.1ನೇ ಆವೃತ್ತಿ ಒತ್ತಕ್ಷರಗಳನ್ನು ಒಡೆಯದೆ ಒಟ್ಟಿಗೆ ಇಡುವ ನಿಯಮ ತಂದಿತು. ಆ ಆವೃತ್ತಿಯ ಪಟ್ಟಿಯಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿದ್ದವು. ಕನ್ನಡ ಇರಲಿಲ್ಲ. ಒತ್ತಕ್ಷರ ಬರೆಯುವ ಬಗೆಯಲ್ಲಿ ಕನ್ನಡಕ್ಕೆ ಅತಿ ಹತ್ತಿರದ ತೆಲುಗಿಗೆ ಸಿಕ್ಕ ಸೌಲಭ್ಯ ಕನ್ನಡಕ್ಕೆ ಆಗ ಸಿಗಲಿಲ್ಲ ಎಂಬುದು ಇಲ್ಲಿ ಕುಳಿತ ಪ್ರತಿಯೊಬ್ಬರೂ ಗಮನಿಸಬೇಕಾದ ಸಂಗತಿ. ಯೂನಿಕೋಡಿನ ತಾಂತ್ರಿಕ ಸಮಿತಿಗೆ ಯಾರು ಬೇಕಾದರೂ ದಾಖಲೆ ಸಲ್ಲಿಸಬಹುದು. ಕನ್ನಡ ಬರಹದ ಒಳಹೊರಗನ್ನು ಬಲ್ಲ ಭಾಷಾ ವಿಭಾಗದವರೂ ಕೋಡ್ ಬಲ್ಲವರೂ ಒಟ್ಟಿಗೆ ಕೂತು ಇಂಥ ದಾಖಲೆ ಬರೆಯುವುದು ಸಾಧ್ಯ.

ಈ ಸಂಕೇತಗಳು ಎಲ್ಲಿಂದಲೋ ಉದುರಿದವಲ್ಲ. ಭಾರತೀಯ ಲಿಪಿಗಳಿಗೆಲ್ಲ ಒಂದೇ ವಿನ್ಯಾಸ ಹಾಕಿಕೊಟ್ಟ ಇಸ್ಕಿ ಎಂಬ ಮಾನಕದ 1988ರ ರೂಪವನ್ನು ಯೂನಿಕೋಡ್ ಆಧಾರವಾಗಿ ತೆಗೆದುಕೊಂಡಿತು. ಹಾಗಾಗಿಯೇ ದೇವನಾಗರಿಯ ಕಕಾರದ ಸಂಖ್ಯೆ 2325 ಆದರೆ ಕನ್ನಡದ ಕಕಾರದ್ದು 3221. ತಕಾರಕ್ಕೆ ಅಲ್ಲಿ 2340, ಇಲ್ಲಿ 3236. ವ್ಯತ್ಯಾಸ ಎರಡರಲ್ಲೂ 896. ಇದನ್ನು ವಿದ್ಯಾರ್ಥಿಗಳಿಂದಲೇ ಕಂಡುಹಿಡಿಸಬಹುದು, ಎರಡು ಸಾಲಿನ ಕೋಡ್ ಸಾಕು.

ಉದ್ದದ ಪ್ರಶ್ನೆ ಪರೀಕ್ಷೆಯ ಹಾಳೆಯಲ್ಲೇ ಉಳಿಯುವುದಿಲ್ಲ. ಒಂದು ಅರ್ಜಿ ನಮೂನೆಯಲ್ಲಿ ಹೆಸರಿಗೆ ಇಪ್ಪತ್ತು ಬೈಟ್ ಜಾಗ ಇಟ್ಟಿದ್ದಾರೆ ಎಂದುಕೊಳ್ಳಿ. ಇಂಗ್ಲಿಷಿನಲ್ಲಿ ಇಪ್ಪತ್ತು ಅಕ್ಷರದ ಹೆಸರು ಹಿಡಿಸುತ್ತದೆ. ‘ಶ್ರೀನಿವಾಸ’ ಎಂಬ ನಾಲ್ಕಕ್ಷರದ ಹೆಸರು ಒಂಬತ್ತು ಸಂಕೇತ, ಅಂದರೆ ಇಪ್ಪತ್ತೇಳು ಬೈಟ್. ಇಪ್ಪತ್ತಕ್ಕೆ ಕತ್ತರಿಸಿದರೆ ‘ಶ್ರೀನಿ’ ಉಳಿದು, ಅದರ ಮುಂದೆ ‘ವ’ಕಾರದ ಮೂರರಲ್ಲಿ ಎರಡು ಬೈಟ್ ಮಾತ್ರ ನಿಂತು, ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ವಜ್ರ ಕಾಣುತ್ತದೆ. ಒರಾಕಲ್ ಡೇಟಾಬೇಸ್ ಬೇರೆ ಏನೂ ಹೇಳದಿದ್ದರೆ ಕಾಲಮ್ಮಿನ ಅಳತೆಯನ್ನು ಬೈಟ್‌ಗಳಲ್ಲೇ ತೆಗೆದುಕೊಳ್ಳುತ್ತದೆ, ಮೈಎಸ್‌ಕ್ಯೂಎಲ್ ಸಂಕೇತಗಳಲ್ಲಿ. ಎಸ್‌ಎಂಎಸ್ ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿದರೆ ಕನ್ನಡದಲ್ಲಿ ಸಾಮಾನ್ಯವಾಗಿ 70 ಸಂಕೇತಕ್ಕೇ ಮುಗಿಯುವುದೂ ಇಂಥದೇ ಲೆಕ್ಕ.

ಸಮಾನತೆಯ ಪ್ರಶ್ನೆ ಕನ್ನಡದಲ್ಲಿ ಇನ್ನಷ್ಟು ಸೂಕ್ಷ್ಮವಾಗುತ್ತದೆ. ‘ಕೋ’ ಎಂಬುದನ್ನು ಎರಡು ಸಂಕೇತಗಳಲ್ಲಿ ಬರೆಯಬಹುದು, ಬಿಡಿ ಚಿಹ್ನೆಗಳನ್ನು ಒಂದರ ಪಕ್ಕ ಒಂದಿಟ್ಟು ನಾಲ್ಕರಲ್ಲೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಹೋಲಿಸಿದರೆ ಬೇರೆ. ಇದಕ್ಕೆ ‘ನಾರ್ಮಲೈಸ್’ ಮಾಡುವ ಸೌಲಭ್ಯ ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಮೂರರಲ್ಲೂ ಇದೆ. ‘ಕುಮಾರ್’ ಎಂಬ ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಶೂನ್ಯ ಅಗಲದ ಸಂಕೇತವೊಂದು ಉಳಿದಿದ್ದರೆ ಮಾತ್ರ ಈ ಮದ್ದು ನಾಟುವುದಿಲ್ಲ, ಅದನ್ನು ಬೇರೆಯಾಗಿ ತೆಗೆಯಬೇಕು. ಪಟ್ಟಿಯಲ್ಲಿ ಹೆಸರು ಕಣ್ಣೆದುರಿಗೇ ಇದ್ದರೂ ಹುಡುಕಿದರೆ ‘ಸಿಗಲಿಲ್ಲ’ ಎನ್ನುವ ಅನುಭವದ ಹಿಂದೆ ಹಲವು ಸಲ ಇರುವುದು ಇದೇ.

ಪ್ರಶ್ನೆ ಕೇಳುವವರು ಭಾಷೆಗಳನ್ನೇ ಬದಲಿಸಿದ್ದಾರೆ ಎಂಬುದನ್ನೂ ಇಲ್ಲಿ ಹೇಳಬೇಕು, ಅದು ಉತ್ಸಾಹ ಕೊಡುವ ಇತಿಹಾಸ. ಜಾವಾಸ್ಕ್ರಿಪ್ಟಿನಲ್ಲಿ ಲೂಪ್ ಹಾಕಿ ಮೂರು ಬಟನ್ ಮಾಡಿ, ಒತ್ತಿದಾಗ 0, 1, 2 ಬರಲಿ ಎಂದು ಬರೆದರೆ ಮೂರರಲ್ಲೂ 3 ಬರುತ್ತಿತ್ತು. ಎಲ್ಲ ಬಟನ್‌ಗಳೂ ಒಂದೇ ವೇರಿಯಬಲನ್ನು ಹಿಡಿದುಕೊಂಡಿರುತ್ತಿದ್ದವು, ಒತ್ತುವ ಹೊತ್ತಿಗೆ ಲೂಪ್ ಮುಗಿದಿರುತ್ತಿತ್ತು. 2015ರಲ್ಲಿ ಬಂದ ‘ಲೆಟ್’ ಇದನ್ನು ಸರಿಪಡಿಸಿತು. ಅದಕ್ಕೂ ಮೊದಲೇ, 2012ರಲ್ಲಿ, ಸಿ ಶಾರ್ಪ್ ತನ್ನ ‘ಫಾರ್ ಈಚ್’ ಲೂಪಿನ ಅರ್ಥವನ್ನು ಬದಲಿಸಿತ್ತು. ಗೋ ಭಾಷೆ ಫೆಬ್ರುವರಿ 2024ರ 1.22ನೇ ಆವೃತ್ತಿಯಲ್ಲಿ ಅದೇ ದಾರಿ ಹಿಡಿಯಿತು. ಹಳೆಯ ಕೋಡ್ ಮುರಿಯಬಾರದು ಎಂಬ ವಿಷಯದಲ್ಲಿ ತೀರಾ ಬಿಗಿಯಾಗಿರುವ ಭಾಷೆಯೊಂದು ಲೂಪಿನ ಅರ್ಥವನ್ನೇ ತಿದ್ದಿಕೊಂಡಿತು ಎಂದರೆ ಆ ಪ್ರಶ್ನೆಯ ತೂಕ ಎಷ್ಟಿರಬೇಕು! ಪೈಥಾನಿನ ಲ್ಯಾಂಬ್ಡಾ ಇಂದಿಗೂ ಕೊನೆಯ ಬೆಲೆಯನ್ನೇ ಕೊಡುತ್ತದೆ.

‘ನಲ್’ನ ಕಥೆ ಇನ್ನೂ ದೊಡ್ಡದು. 1965ರಲ್ಲಿ ಅಲ್ಗಾಲ್ ಡಬ್ಲ್ಯೂ ಭಾಷೆಗಾಗಿ ಇದನ್ನು ತಂದ ಟೋನಿ ಹೋರ್, 2009ರಲ್ಲಿ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದು ಕರೆದರು. ರಸ್ಟ್, ಸ್ವಿಫ್ಟ್, ಕಾಟ್ಲಿನ್ ಭಾಷೆಗಳು ಬೆಲೆ ಇಲ್ಲದಿರಬಹುದಾದ ವೇರಿಯಬಲನ್ನು ಮೊದಲೇ ಗುರುತಿಸಬೇಕು ಎಂದು ಕಂಪೈಲರಿನಿಂದಲೇ ಹಟ ಹಿಡಿಸುತ್ತವೆ. ಜಾವಾ ಹಾಗೆ ಮಾಡಲಾರದಿದ್ದರೂ 2020ರಲ್ಲಿ ಬಂದ 14ನೇ ಆವೃತ್ತಿಯಿಂದ, ಸಾಲಿನಲ್ಲಿ ಯಾವುದು ನಲ್ ಆಗಿತ್ತು ಎಂದು ಹೆಸರಿಸಿ ಹೇಳುವುದನ್ನು ಕಲಿಯಿತು. ಪೈಥಾನ್ 2021ರ 3.10ರಲ್ಲಿ ಎರರ್ ಸಂದೇಶಗಳನ್ನು ತಿದ್ದಿಕೊಂಡು, ಯಾವ ಆವರಣ ಚಿಹ್ನೆ ಮುಚ್ಚದೆ ಉಳಿದಿದೆ ಎಂದು ಬೆರಳಿಟ್ಟು ತೋರಿಸತೊಡಗಿತು.

ಹೀಗಾಗಿ ಉತ್ತರಕ್ಕೆ ಕಾಲವೂ ಅಂಟಿಕೊಂಡಿದೆ. ಏಳನ್ನು ಎರಡರಿಂದ ಭಾಗಿಸಿದರೆ ಪೈಥಾನ್ 2ರಲ್ಲಿ 3, ಪೈಥಾನ್ 3ರಲ್ಲಿ 3.5. ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೆ ಮುಗಿದರೂ ಹಳೆಯ ನೋಟ್ಸ್‌ಗಳಲ್ಲಿ ಅದು ಇನ್ನೂ ಉಸಿರಾಡುತ್ತಿದೆ. ಆವೃತ್ತಿ ಹೇಳದ ಉತ್ತರ ಅರ್ಧ ಉತ್ತರ. ಎಐ ಸಾಧನಗಳು ಕ್ಷಣದಲ್ಲಿ ಕೋಡ್ ಬರೆದುಕೊಡುವ ಈ ದಿನಗಳಲ್ಲಿ, ಬಂದ ಸಾಲು ಯಾಕೆ ಸರಿ ಎಂದು ಕೇಳಿ ತಿಳಿಯುವ ಅಭ್ಯಾಸ ವಿದ್ಯಾರ್ಥಿಗೆ ಹಿಂದೆಂದಿಗಿಂತ ಹೆಚ್ಚು ಬೇಕು.

ಈ ಸಂಕಿರಣದ ಗೋಷ್ಠಿಗಳು ಆ ಕೆಲಸಕ್ಕೆ ಕೈಹಾಕಲಿ ಎಂಬುದು ಕೋರಿಕೆ. ಪ್ರತಿ ಗೋಷ್ಠಿಯೂ ಒಂದೊಂದು ಪ್ರಶ್ನೆ ಎತ್ತಿಕೊಂಡು, ಅದನ್ನು ಕನಿಷ್ಠ ಮೂರು ಭಾಷೆಗಳಲ್ಲಿ ರನ್ ಮಾಡಿ ತೋರಿಸಿ, ಉತ್ತರ ಬೇರೆಯಾದ ಕಡೆ ಕಾರಣವನ್ನು ಸರಳ ಕನ್ನಡದಲ್ಲಿ ಬರೆದಿಟ್ಟರೆ ಕನ್ನಡ ಮಾಧ್ಯಮದಿಂದ ಬಂದು ಡಿಪ್ಲೊಮಾ, ಬಿಸಿಎ ಸೇರುವ ಮಕ್ಕಳಿಗೆ ಅದು ನೇರವಾಗಿ ಒದಗುತ್ತದೆ. ಬರೆಯುವಾಗ ಲೂಪ್, ಸ್ಟ್ರಿಂಗ್, ಅರೇ ಎಂಬ ಪದಗಳನ್ನು ಬಿಡಬೇಕಾಗಿಲ್ಲ, ವಿವರಣೆ ಕನ್ನಡದ್ದಾದರೆ ಸಾಕು. ಪ್ರಾಯೋಗಿಕ ಪರೀಕ್ಷೆಯ ವೈವಾದಲ್ಲಿ ‘ಇದರ ಔಟ್‌ಪುಟ್ ಏನು’ ಎಂದು ಕೇಳುವ ಜೊತೆಗೆ ‘ಇದೇ ಸಾಲು ಜಾವಾದಲ್ಲಿ ಬೇರೆ ಉತ್ತರ ಕೊಡುತ್ತದೆ, ಯಾಕೆ’ ಎಂದೂ ಕೇಳಬಹುದು. ಅದಕ್ಕೆ ಪಠ್ಯಕ್ರಮ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಪರೀಕ್ಷಕರು ಮನಸ್ಸು ಮಾಡಿದರೆ ಬರುವ ಸೆಮಿಸ್ಟರಿನಿಂದಲೇ ಶುರುಮಾಡಬಹುದು, ಬೇಕಾದ ಪ್ರಶ್ನೆಗಳ ಮೊದಲ ಪಟ್ಟಿಯನ್ನು ಇಂದು ಮಧ್ಯಾಹ್ನದ ಗೋಷ್ಠಿಯಲ್ಲೇ ಸಿದ್ಧಮಾಡಿಕೊಳ್ಳಬಹುದು.